ಪದೇ ಪದೇ ತೊಳೆದರೆ ಚರ್ಮಕ್ಕೇನಾಗುತ್ತದೆ? ಶುಚಿಯೂ ಉಳಿದು, ಚರ್ಮವೂ ಉಳಿಯುವ ಹಾಗೆ ತೊಳೆಯುವುದು ಹೇಗೆ?

ಮನೆಯಲ್ಲಿ ಹಾಸಿಗೆ ಹಿಡಿದವರ ಆರೈಕೆ ಮಾಡುತ್ತಿದ್ದ ಕೆಲವು ತಿಂಗಳು ನಾನು ದಿನಕ್ಕೆ 30 ಸಲಕ್ಕೂ ಹೆಚ್ಚು ಕೈ ತೊಳೆಯುತ್ತಿದ್ದೆ. ಮೊದಲು ಬೆರಳ ಸಂದಿಯಲ್ಲಿ ನವೆ ಶುರುವಾಯಿತು. ಆಮೇಲೆ ಗೆಣ್ಣುಗಳ ಮೇಲೆ ಬೂದಿ ಬಳಿದಂಥ ಬಿಳುಪು. ಮೂರನೇ ವಾರಕ್ಕೆ ಸಣ್ಣ ಸಣ್ಣ ಸೀಳು. ಮುಷ್ಟಿ ಬಿಗಿದರೆ ರಕ್ತ ಜಿನುಗುತ್ತಿತ್ತು. ಸರಿಯಾಗಿ ಶುಚಿಯಾಗುತ್ತಿಲ್ಲವೇನೋ ಎಂದುಕೊಂಡು ನೀರನ್ನು ಇನ್ನಷ್ಟು ಬಿಸಿ ಮಾಡಿ, ಸೋಪನ್ನು ಇನ್ನಷ್ಟು ಹಾಕಿ ಉಜ್ಜಿದೆ. ಕೊನೆಗೆ ಕೈ ನೋಡಿದ ಚರ್ಮವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: "ತೊಳೆದ ಮೇಲೆ ಏನು ಹಚ್ಚುತ್ತೀರಿ?" ನಾನು ಏನನ್ನೂ ಹಚ್ಚುತ್ತಿರಲಿಲ್ಲ.

ತೊಳೆಯುವುದನ್ನು ಬಿಡಿ ಎಂದು ಅವರು ಹೇಳಲಿಲ್ಲ. ನಾನೂ ಹೇಳುವುದಿಲ್ಲ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯ ತನ್ನ ವಿಭಾಗದವರೆಲ್ಲ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಲೇಬೇಕೆಂದು ಕಟ್ಟುಮಾಡಿದ ಮೇಲೆ ಬಾಣಂತಿಯರ ಸಾವು ಗಣನೀಯವಾಗಿ ಇಳಿದಿತ್ತು. ಕೈ ತೊಳೆಯುವುದರಿಂದ ಜೀವ ಉಳಿಯುತ್ತದೆ ಎನ್ನುವುದರಲ್ಲಿ ಅನುಮಾನವೇ ಬೇಡ. ಆದರೆ ಪ್ರತಿಸಲ ತೊಳೆದಾಗಲೂ ಚರ್ಮದಿಂದ ಏನೋ ಒಂದಿಷ್ಟು ಹೋಗುತ್ತದೆ. ಹೋದದ್ದನ್ನು ಆಗಿಂದಾಗಲೇ ತುಂಬದಿದ್ದರೆ ತೊಳೆಯುವ ಕೆಲಸ ಅರ್ಧಕ್ಕೇ ನಿಂತ ಹಾಗೆ. ಮುಂದೆ ಹೇಳುವುದೆಲ್ಲ ಆ ಉಳಿದರ್ಧದ ಬಗ್ಗೆ.

ಹೆಜ್ಜೆ ಇಡುವ ಮೊದಲು: ಹೋಗುವುದು ಏನು?

ಚರ್ಮದ ತೀರ ಮೇಲಿನ ಪದರ ಮೈಯ ಬಹುಪಾಲು ಕಡೆ ಕೂದಲೆಳೆಗಿಂತ ತೆಳು, ಸುಮಾರು 10ರಿಂದ 20 ಮೈಕ್ರೋಮೀಟರ್. ಅಂಗೈ, ಅಂಗಾಲುಗಳಲ್ಲಿ ಮಾತ್ರ ದಪ್ಪ. ಸತ್ತು ಚಪ್ಪಟೆಯಾದ ಜೀವಕೋಶಗಳು ಅಲ್ಲಿ ಗೋಡೆಯ ಇಟ್ಟಿಗೆಗಳಂತೆ ಒಂದರ ಮೇಲೊಂದು ಕೂತಿರುತ್ತವೆ. ಇಟ್ಟಿಗೆಗಳ ನಡುವಿನ ಗಾರೆಯೇ ಜಿಡ್ಡು: ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳು. ತೂಕದಲ್ಲಿ ಇದರ ಹೆಚ್ಚುಕಡಿಮೆ ಅರ್ಧದಷ್ಟು ಸೆರಮೈಡ್. ಒಳಗಿನ ನೀರು ಆವಿಯಾಗಿ ಹೋಗದಂತೆ, ಹೊರಗಿನ ರಾಸಾಯನಿಕ ಮತ್ತು ರೋಗಾಣು ಒಳಗೆ ನುಗ್ಗದಂತೆ ತಡೆಯುವುದು ಈ ಗಾರೆ.

ಸೋಪಿನ ಅಣುವಿನ ಒಂದು ತುದಿ ನೀರಿಗೆ ಅಂಟುತ್ತದೆ, ಇನ್ನೊಂದು ಜಿಡ್ಡಿಗೆ ಅಂಟುತ್ತದೆ. ಕೊಳೆಯ ಜಿಡ್ಡು ಯಾವುದು, ನಮ್ಮ ಗೋಡೆಯ ಗಾರೆ ಯಾವುದು ಎಂದು ವಿಂಗಡಿಸುವ ಬುದ್ಧಿ ಅದಕ್ಕಿಲ್ಲ. ಎರಡನ್ನೂ ಎಳೆದುಕೊಂಡು ಹೋಗುತ್ತದೆ. ತೊಳೆದ ಮೇಲೆ ಕೈ 'ಕಿರ್' ಎನ್ನುವಷ್ಟು ಬಿಗಿದುಕೊಂಡರೆ ಬಹಳ ಜನ ಅದನ್ನೇ ಶುಚಿಯ ಗುರುತು ಎಂದುಕೊಳ್ಳುತ್ತಾರೆ. ನಿಜಕ್ಕೂ ಅದು ಗಾರೆ ಕರಗಿದ ಸದ್ದು.

ಎರಡನೆಯದು ಆಮ್ಲೀಯತೆ. ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಹುಳಿ. ಹುಳಿ-ಕ್ಷಾರ ಅಳೆಯುವ ಪಿಎಚ್ ಮಾಪನದಲ್ಲಿ (7ಕ್ಕಿಂತ ಕಡಿಮೆಯಿದ್ದರೆ ಹುಳಿ, ಹೆಚ್ಚಿದ್ದರೆ ಕ್ಷಾರ) ಅದು ಸುಮಾರು 4.7ರಿಂದ 5.5. ಇದಕ್ಕೆ 'ಆಮ್ಲದ ಹೊದಿಕೆ' ಎಂಬ ಹೆಸರು ಕೊಟ್ಟು 1928ರಲ್ಲಿ ವಿವರಿಸಿದವರು ಜರ್ಮನಿಯ ಹೈನ್‌ರಿಷ್ ಶಾಡೆ ಮತ್ತು ಆಲ್ಫ್ರೆಡ್ ಮಾರ್ಕಿಯೋನಿನಿ. ಸೆರಮೈಡ್ ತಯಾರಿಸುವ ಕಿಣ್ವಗಳು ಈ ಹುಳಿಯಲ್ಲೇ ಚೆನ್ನಾಗಿ ಕೆಲಸ ಮಾಡುತ್ತವೆ. ನಮ್ಮ ಚರ್ಮದ ಮೇಲೆ ತೊಂದರೆ ಕೊಡದೆ ಬದುಕುವ ಬ್ಯಾಕ್ಟೀರಿಯಾಗಳಿಗೂ ಇದು ಹಿತ. ಸಾಂಪ್ರದಾಯಿಕ ಸೋಪಿನ ಬಿಲ್ಲೆಯ ಪಿಎಚ್ 9ರಿಂದ 10.5ರವರೆಗೆ, ಅಂದರೆ ಕ್ಷಾರ. ಒಮ್ಮೆ ತೊಳೆದ ಮೇಲೆ ಚರ್ಮ ತನ್ನ ಹುಳಿಗೆ ಮರಳಲು ಗಂಟೆಗಳೇ ಬೇಕಾಗಬಹುದು. ಅದು ಮರಳುವ ಮುಂಚೆಯೇ ನಾವು ಮತ್ತೆ ನಲ್ಲಿಯ ಮುಂದೆ ನಿಂತಿರುತ್ತೇವೆ. ಪದೇ ಪದೇ ತೊಳೆಯುವುದರ ತೊಂದರೆ ಇರುವುದು ಇಲ್ಲಿಯೇ. ಒಂದು ಸಲದ ಹಾನಿ ಸಣ್ಣದು, ಚರ್ಮ ಅದನ್ನು ತಾನೇ ಸರಿಮಾಡಿಕೊಳ್ಳಬಲ್ಲದು. ಬಿಡುವು ಸಿಗದಿದ್ದಾಗ ಮಾತ್ರ ಸೋಲುತ್ತದೆ.

ಸೋಪೇ ಇಲ್ಲದ ಬರೀ ನೀರೂ ನಿರಪಾಯವೇನಲ್ಲ. ಮೇಲ್ಪದರದ ಕೋಶಗಳೊಳಗೆ ಅಮೈನೋ ಆಮ್ಲ, ಲ್ಯಾಕ್ಟೇಟ್, ಯೂರಿಯಾ ಮುಂತಾದ, ತೇವ ಹಿಡಿದಿಡುವ ಪದಾರ್ಥಗಳಿವೆ. ನೀರಿನಲ್ಲಿ ಹೆಚ್ಚು ಹೊತ್ತಿದ್ದರೆ ಕೋಶಗಳು ಊದಿಕೊಂಡು ಇವು ಸೋರಿಹೋಗುತ್ತವೆ. ಒಣಗಿದಾಗ ಕೋಶಗಳು ಕುಗ್ಗುತ್ತವೆ. ಊದುವುದು, ಕುಗ್ಗುವುದು, ಮತ್ತೆ ಊದುವುದು, ಹೀಗೆ ದಿನವಿಡೀ ನಡೆದರೆ ಗೋಡೆ ಬಿರುಕು ಬಿಡದೆ ಇರುತ್ತದೆಯೇ?

ಕೈಗಳೇ ಮೊದಲು ಸೋಲುವುದಕ್ಕೆ ಇನ್ನೊಂದು ಕಾರಣವಿದೆ. ಅಂಗೈಯಲ್ಲಿ ಎಣ್ಣೆ ಸ್ರವಿಸುವ ಗ್ರಂಥಿಗಳು ಒಂದೂ ಇಲ್ಲ. ಹಣೆಯ ಮೇಲಾದರೆ ಪ್ರತಿ ಚದರ ಸೆಂಟಿಮೀಟರಿಗೆ ನೂರಾರಿವೆ; ಹಣೆ ತೊಳೆದರೆ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಜಿಡ್ಡಾಗುತ್ತದೆ, ಅಂಗೈ ಆಗುವುದಿಲ್ಲ. ಕೈಯ ಹಿಂಬದಿಯಲ್ಲಿ ಗ್ರಂಥಿಗಳಿದ್ದರೂ ಚರ್ಮ ತೆಳು. ಹೀಗಾಗಿ ಅತಿ ಹೆಚ್ಚು ತೊಳೆಸಿಕೊಳ್ಳುವ ಅಂಗಕ್ಕೇ ಚೇತರಿಸಿಕೊಳ್ಳುವ ಬಂಡವಾಳ ಕಡಿಮೆ.

ಮೊದಲ ಹೆಜ್ಜೆ: ಎರಡು ದಿನ ಎಣಿಸಿ

ದಿನಕ್ಕೆ ಎಷ್ಟು ಸಲ ಕೈ ತೊಳೆಯುತ್ತೀರಿ ಎಂದು ಕೇಳಿದರೆ ಬಹುತೇಕರು ಹೇಳುವ ಲೆಕ್ಕ ನಿಜವಾದದ್ದಕ್ಕಿಂತ ಕಡಿಮೆಯೇ ಇರುತ್ತದೆ. ಒಂದು ಚೀಟಿ ಇಟ್ಟುಕೊಂಡು ಎರಡು ದಿನ ಗೀಟು ಹಾಕುತ್ತಾ ಹೋಗಿ. ಪಾತ್ರೆ ತೊಳೆದದ್ದು, ಬಟ್ಟೆ ಹಿಂಡಿದ್ದು, ನೆಲ ಒರೆಸಿದ್ದು, ತರಕಾರಿ ತೊಳೆದದ್ದು, ಎಲ್ಲವನ್ನೂ ಸೇರಿಸಿ. ಜರ್ಮನಿಯ ಉದ್ಯೋಗ ಸುರಕ್ಷತಾ ನಿಯಮಗಳು ಬಹುಕಾಲ ಒಂದು ಅಳತೆಗೋಲು ಇಟ್ಟುಕೊಂಡಿದ್ದವು: ದಿನಕ್ಕೆ 2 ಗಂಟೆಗಿಂತ ಹೆಚ್ಚು ಕೈ ಒದ್ದೆಯಾಗಿದ್ದರೆ, ಅಷ್ಟೇ ಹೊತ್ತು ಗಾಳಿಯಾಡದ ಕೈಗವಸಿನೊಳಗಿದ್ದರೆ, ಇಲ್ಲವೇ ಪದೇ ಪದೇ ತೀವ್ರವಾಗಿ ಕೈ ತೊಳೆಯಬೇಕಾಗಿದ್ದರೆ ಅದು 'ಒದ್ದೆ ಕೆಲಸ'. ಚರ್ಮರೋಗ ತಜ್ಞರು ದಿನಕ್ಕೆ 20 ಸಲಕ್ಕಿಂತ ಹೆಚ್ಚು ಎನ್ನುವುದನ್ನು ಗಡಿಯಾಗಿ ಹಿಡಿಯುವುದುಂಟು. ದಾದಿಯರು, ಕ್ಷೌರಿಕರು, ಅಡುಗೆಯವರು, ಸ್ವಚ್ಛತಾ ಕಾರ್ಮಿಕರು, ಎಳೆಗೂಸಿನ ತಾಯಂದಿರು, ಎಲ್ಲರೂ ಸುಲಭವಾಗಿ ಈ ಗಡಿ ದಾಟುತ್ತಾರೆ.

ಈಗ ಆ ಗೀಟುಗಳನ್ನು ಎರಡು ಪಾಲು ಮಾಡಿ. ಶೌಚದ ನಂತರ, ಅಡುಗೆಗೂ ಊಟಕ್ಕೂ ಮುಂಚೆ, ಹಸಿ ಮಾಂಸ ಮುಟ್ಟಿದ ಮೇಲೆ, ಮಗುವಿನ ಡೈಪರ್ ಬದಲಿಸಿದ ಮೇಲೆ, ಸೀನಿ ಮೂಗೊರೆಸಿದ ಮೇಲೆ, ಗಾಯ ಮುಟ್ಟುವ ಮುಂಚೆ ಮತ್ತು ಮುಟ್ಟಿದ ಮೇಲೆ, ರೋಗಿಯ ಆರೈಕೆಯ ಮುಂಚೆ ಮತ್ತು ಆಮೇಲೆ, ಹೊರಗಿನಿಂದ ಮನೆಗೆ ಬಂದಾಗ ತೊಳೆಯುವುದರಲ್ಲಿ ಒಂದನ್ನೂ ಕಡಿಮೆ ಮಾಡಬಾರದು. ಉಳಿದವುಗಳಲ್ಲಿ ಎಷ್ಟೋ ಬರೀ ಅಭ್ಯಾಸ: ನಲ್ಲಿ ಹತ್ತಿರವಿತ್ತು, ಕೈ ಒಡ್ಡಿದೆ. ಕೈಗೆ ಹಿಟ್ಟು ತಾಗಿದ್ದರೆ ಸೋಪಿಲ್ಲದೆ ನೀರಿನಲ್ಲಿ ತೊಳೆದರೆ ಸಾಕು. ಒದ್ದೆ ಕೆಲಸಗಳನ್ನು ಒಟ್ಟುಗೂಡಿಸಿ ಒಂದೇ ಸಲ ಮಾಡಿದರೂ ಲೆಕ್ಕ ಇಳಿಯುತ್ತದೆ. ನನ್ನ ಚೀಟಿಯಲ್ಲಿ ಹೀಗೆ ಬಿಡಬಹುದಾದವು ಒಂಬತ್ತು ಸಿಕ್ಕವು.

ಒಂದು ಮಾತು ಇಲ್ಲಿಯೇ ಹೇಳಬೇಕು. ಶುಚಿಯಾಗಿದೆ ಎಂದು ಗೊತ್ತಿದ್ದರೂ ತೊಳೆಯದೆ ಇರಲು ಆಗುತ್ತಿಲ್ಲ, ತೊಳೆಯದಿದ್ದರೆ ಎದೆ ಡವಗುಟ್ಟುತ್ತದೆ, ಇಂತಿಷ್ಟೇ ಸಲ ತೊಳೆಯಬೇಕೆಂಬ ಲೆಕ್ಕ ತಲೆಯಲ್ಲಿ ಕೂತಿದೆ ಎನ್ನುವವರಿಗೆ ಕ್ರೀಮ್ ಒಂದೇ ಸಾಲದು. ಅದು ಗೀಳು ಕಾಯಿಲೆಯ ಲಕ್ಷಣವಿರಬಹುದು. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಮನೋವೈದ್ಯರನ್ನು ಕಾಣಲು ಸಂಕೋಚ ಬೇಡ.

ಎರಡನೇ ಹೆಜ್ಜೆ: ಚರ್ಮ ಏನು ಹೇಳುತ್ತಿದೆ ನೋಡಿ

ಹಗಲು ಬೆಳಕಿನಲ್ಲಿ ಕೈ ಅಗಲಿಸಿ ಬೆರಳ ಸಂದಿಗಳನ್ನು ನೋಡಿ. ನೀರೂ ಸೋಪೂ ಅಲ್ಲಿಯೇ ಉಳಿದುಕೊಳ್ಳುವುದರಿಂದ ತೊಂದರೆ ಹೆಚ್ಚಾಗಿ ಅಲ್ಲಿಂದಲೇ ಶುರು. ಉಂಗುರ ತೆಗೆದು ಅದರ ಅಡಿ ನೋಡಿ. ಗೆಣ್ಣುಗಳ ಮೇಲೆ, ಮಣಿಕಟ್ಟಿನ ಸುತ್ತ ಕೈ ಸವರಿ. ಬಿಗಿತ, ಹೊಳಪಿಲ್ಲದ ಬಿಳುಪು, ಸಿಪ್ಪೆಯಂತೆ ಏಳುವುದು ಮೊದಲ ಹಂತ. ಇಷ್ಟರಲ್ಲೇ ಎಚ್ಚೆತ್ತರೆ ಕೆಲವೇ ದಿನಗಳಲ್ಲಿ ಸರಿಹೋಗುತ್ತದೆ. ಕೆಂಪು, ಉರಿ, ನವೆ ಬಂದರೆ ಉರಿಯೂತ ಆರಂಭವಾಗಿದೆ. ಸೀಳು, ರಕ್ತ, ನೀರುಗುಳ್ಳೆ ಬಂದಾಗ ಅದನ್ನು ಕೈಯ ಎಸ್ಜಿಮಾ ಎನ್ನುತ್ತಾರೆ.

ಸ್ಯಾನಿಟೈಸರ್ ಹಾಕಿದಾಗ ಚುರ್ ಎನ್ನುತ್ತದೆಯೇ? ಕಣ್ಣಿಗೆ ಕಾಣದ ಬಿರುಕು ಇದೆ ಎಂದು ಅರ್ಥ. ಇದೊಂದು ಒಳ್ಳೆಯ ಪರೀಕ್ಷೆ, ಕೈಗೆ ಹಿತವಲ್ಲದಿದ್ದರೂ.

ಬಾಲ್ಯದಲ್ಲಿ ಎಸ್ಜಿಮಾ ಇದ್ದವರು ಬೇರೆಯವರಿಗಿಂತ ಬೇಗ ಈ ಹಂತಗಳನ್ನು ದಾಟುತ್ತಾರೆ. ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿರುವ ದೋಷ ಎಸ್ಜಿಮಾಗೆ ದಾರಿ ಮಾಡುತ್ತದೆ ಎಂಬುದು 2006ರಲ್ಲಿ ಪತ್ತೆಯಾಯಿತು. ಚರ್ಮದ ತೇವ ಹಿಡಿಯುವ ಪದಾರ್ಥಗಳ ದೊಡ್ಡ ಪಾಲು ಬರುವುದು ಇದೇ ಪ್ರೋಟೀನು ಒಡೆದು. ಅಂಥವರ ಗೋಡೆ ಹುಟ್ಟಿನಿಂದಲೇ ಸಡಿಲ. ತೊಳೆಯುವ ವಿಷಯದಲ್ಲಿ ಅವರು ಮಿಕ್ಕವರನ್ನು ನೋಡಿ ನಡೆಯಬಾರದು.

ಮೂರನೇ ಹೆಜ್ಜೆ: ಸೋಪು ಬದಲಿಸಿ

ಸೋಪಿನ ಬಿಲ್ಲೆಯಂತೆಯೇ ಕಾಣುವ, ಆದರೆ ರಾಸಾಯನಿಕವಾಗಿ ಸೋಪಲ್ಲದ ಬಿಲ್ಲೆಗಳಿವೆ. ಅವಕ್ಕೆ ಸಿಂಡೆಟ್ ಎಂದು ಹೆಸರು. ಇವುಗಳ ಪಿಎಚ್ ಅನ್ನು ಸುಮಾರು 5.5ರಿಂದ 7ರ ಒಳಗೆ ಇಡಲು ಸಾಧ್ಯ. ಪೊಟ್ಟಣದ ಮೇಲೆ 'ಸೋಪ್ ಫ್ರೀ' ಅಥವಾ 'ಪಿಎಚ್ 5.5' ಎಂದಿದ್ದರೆ ಅದೇ ಜಾತಿಯದು. ಪದಾರ್ಥಗಳ ಪಟ್ಟಿಯಲ್ಲಿ ಸೋಡಿಯಂ ಕೊಕೋಯಿಲ್ ಐಸೆಥಿಯೊನೇಟ್ ಎಂಬ ಹೆಸರು ಮುಂದಿದ್ದರೆ ಸಾಮಾನ್ಯವಾಗಿ ಮೃದು. ಸೋಡಿಯಂ ಲಾರಿಲ್ ಸಲ್ಫೇಟ್ ಮುಂದಿದ್ದರೆ ಕಠಿಣ. ಚರ್ಮವನ್ನು ಬೇಕೆಂದೇ ಕೆರಳಿಸಿ ಅಧ್ಯಯನ ಮಾಡುವಾಗ ಸಂಶೋಧಕರು ಬಳಸುವುದು ಇದನ್ನೇ.

ದ್ರವರೂಪದ ಹ್ಯಾಂಡ್‌ವಾಶ್ ಎಂದಾಕ್ಷಣ ಮೃದು ಎಂದುಕೊಳ್ಳಬೇಡಿ. ಒಳಗಿರುವುದು ಸೌಮ್ಯವೋ ಕಠಿಣವೋ ಎನ್ನುವುದು ಪಟ್ಟಿ ಓದಿದರಷ್ಟೇ ತಿಳಿಯುತ್ತದೆ. 'ಮೈಲ್ಡ್', 'ನ್ಯಾಚುರಲ್', 'ಹರ್ಬಲ್' ಎಂಬ ಪದಗಳಿಗೂ ಚರ್ಮದ ಮೇಲಾಗುವ ಪರಿಣಾಮಕ್ಕೂ ಸಂಬಂಧವಿರಲೇಬೇಕೆಂದೇನಿಲ್ಲ. ಪರಿಮಳ ಇಲ್ಲದ್ದನ್ನು ಆರಿಸಿ, ಏಕೆಂದರೆ ಸುಗಂಧದ್ರವ್ಯಗಳು ಅಲರ್ಜಿಯ ಬಹು ಸಾಮಾನ್ಯ ಕಾರಣಗಳಲ್ಲೊಂದು. ಹಾಗೆಯೇ ಮಿಥೈಲ್‌ಐಸೊಥಯಾಜೊಲಿನೋನ್ ಎಂಬ ಉದ್ದ ಹೆಸರಿನ ಸಂರಕ್ಷಕವನ್ನೂ ಗುರುತಿಟ್ಟುಕೊಳ್ಳಿ. ಇದರಿಂದ ಅಲರ್ಜಿ ಹೆಚ್ಚಿದ್ದಕ್ಕೇ ಐರೋಪ್ಯ ಒಕ್ಕೂಟ ಹಚ್ಚಿ ಬಿಡುವ ಕ್ರೀಮುಗಳಲ್ಲಿ ಇದನ್ನು ನಿಷೇಧಿಸಿದೆ.

'ಬ್ಯಾಕ್ಟೀರಿಯಾನಾಶಕ' ಸೋಪು ಮನೆಬಳಕೆಗೆ ಬೇಕಿಲ್ಲ. ಸಾಮಾನ್ಯ ಸೋಪು, ನೀರಿಗಿಂತ ಇವು ಹೆಚ್ಚು ಉಪಯೋಗ ಎಂದು ತಯಾರಕರು ತೋರಿಸಿಕೊಡಲಿಲ್ಲ ಎಂಬ ಕಾರಣಕ್ಕೆ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಟ್ರೈಕ್ಲೋಸಾನ್ ಸೇರಿದಂತೆ 19 ಪದಾರ್ಥಗಳನ್ನು ಮನೆಬಳಕೆಯ ಇಂಥ ಸೋಪುಗಳಿಂದ ಹೊರಗಿಟ್ಟಿತು. ಪಾತ್ರೆ ತೊಳೆಯುವ ದ್ರವದಲ್ಲಿ ಕೈ ತೊಳೆಯುವುದಂತೂ ಬೇಡವೇ ಬೇಡ. ಅಂಟಿಹಿಡಿದ ಜಿಡ್ಡು ಬಿಡಿಸಲೆಂದೇ ಮಾಡಿದ್ದು ಅದು. ನಿಮ್ಮ ಕೈಯ ಗಾರೆಯನ್ನೂ ಬಿಡಿಸುತ್ತದೆ.

ನಾಲ್ಕನೇ ಹೆಜ್ಜೆ: ನೀರಿನ ಬಿಸಿ ಇಳಿಸಿ

ಕೈ ತಡೆಯುವಷ್ಟು ಬಿಸಿ ನೀರಿಗೆ ರೋಗಾಣು ಸಾಯುವುದಿಲ್ಲ. ತೊಳೆಯುವಾಗ ರೋಗಾಣು ಹೋಗುವುದು ನೊರೆ ಮತ್ತು ಉಜ್ಜುವಿಕೆಯಿಂದ, ಆ ಕೆಲಸ ತಣ್ಣೀರಿನಲ್ಲೂ ಆಗುತ್ತದೆ. ಬಿಸಿ ನೀರು ಮಾಡುವುದು ಬೇರೆಯೇ ಕೆಲಸ: ಜಿಡ್ಡನ್ನು ಸಡಿಲಿಸಿ ಸೋಪು ಇನ್ನಷ್ಟು ಆಳಕ್ಕೆ ಇಳಿಯುವಂತೆ ಮಾಡುತ್ತದೆ. ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು ಸಾಕು. ನಿಮ್ಮ ನೀರು ಗಡಸಾಗಿದ್ದರೆ ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿನೊಂದಿಗೆ ಸೇರಿ ಕರಗದ ಗಷ್ಟು ಕಟ್ಟುತ್ತವೆ. ಬಕೆಟ್ಟಿನ ಅಂಚಿಗೆ ಹಿಡಿಯುವ ಆ ಬಿಳಿ ಗಷ್ಟೇ ಚರ್ಮದ ಮೇಲೂ ಕೂರುತ್ತದೆ. ಸಿಂಡೆಟ್ ಹಾಗೆ ಗಷ್ಟು ಕಟ್ಟುವುದಿಲ್ಲ. ಗಡಸು ನೀರಿನವರಿಗೆ ಇದು ಇನ್ನೊಂದು ಕಾರಣ.

ಐದನೇ ಹೆಜ್ಜೆ: ತೊಳೆಯುವ ಕ್ರಮ

1. ಉಂಗುರ, ಕೈಗಡಿಯಾರ ತೆಗೆದಿಡಿ. ಉಂಗುರದಡಿ ಉಳಿದ ಸೋಪು ದಿನವಿಡೀ ಕೆಲಸ ಮಾಡುತ್ತಲೇ ಇರುತ್ತದೆ.
2. ಮೊದಲು ಕೈ ಒದ್ದೆ ಮಾಡಿ, ಆಮೇಲೆ ಸೋಪು. ಒಣ ಚರ್ಮದ ಮೇಲೆ ಸೋಪು ನೇರವಾಗಿ ಬಿದ್ದರೆ ಅದರ ಖಾರ ಹೆಚ್ಚು.
3. ಸೋಪು ಕಡಿಮೆ, ಸಮಯ ಪೂರ್ತಿ. ಅಂಗೈ, ಕೈಯ ಹಿಂಬದಿ, ಬೆರಳ ಸಂದಿ, ಹೆಬ್ಬೆರಳು, ಉಗುರಿನ ತುದಿ ಎಲ್ಲಕ್ಕೂ ತಾಗುವಂತೆ ಕನಿಷ್ಠ 20 ಸೆಕೆಂಡು. ಬ್ರಷ್ಷು, ಒರಟು ನಾರು ಬೇಡ.
4. ಜಾರುವಿಕೆ ಪೂರ್ತಿ ಹೋಗುವವರೆಗೆ ನೀರು ಬಿಡಿ. ಅವಸರದಲ್ಲಿ ನಾವು ಕಳ್ಳತನ ಮಾಡುವುದು ಈ ಹಂತದಲ್ಲೇ.
5. ಮೆತ್ತನೆಯ ಬಟ್ಟೆಯಿಂದ ಒತ್ತಿ ಒತ್ತಿ ಒರೆಸಿ, ತಿಕ್ಕಬೇಡಿ. ಬೆರಳ ಸಂದಿ ಪೂರ್ತಿ ಒಣಗಲಿ. ಒದ್ದೆಯುಳಿದ ಸಂದಿಯಲ್ಲಿ ಶಿಲೀಂಧ್ರ ಬೆಳೆಯುತ್ತದೆ, ಉಗುರಿನ ಬುಡದಲ್ಲಿ ಉಗುರುಸುತ್ತು ಕಾಣಿಸಿಕೊಳ್ಳುತ್ತದೆ.
6. ಒಂದೆರಡು ನಿಮಿಷದೊಳಗೆ ಕ್ರೀಮ್ ಹಚ್ಚಿ. ಇದನ್ನು ಮಾಡುವವರೆಗೆ ತೊಳೆದದ್ದು ಮುಗಿಯಿತೆಂದು ಎಣಿಸಬೇಡಿ.

ಆರನೇ ಹೆಜ್ಜೆ: ಏನು ಹಚ್ಚುವುದು, ಎಷ್ಟು ಹಚ್ಚುವುದು

ಕೊಳ್ಳುವ ಮುಂಚೆ ಒಂದು ವಿಷಯ ತಿಳಿದಿದ್ದರೆ ಹಣ ಉಳಿಯುತ್ತದೆ. ಲೋಷನ್ ಅಂದರೆ ನೀರು ಹೆಚ್ಚು, ಜಿಡ್ಡು ಕಡಿಮೆ. ಕ್ರೀಮಿನಲ್ಲಿ ಜಿಡ್ಡು ಇನ್ನೂ ಜಾಸ್ತಿ. ಮುಲಾಮು ಹೆಚ್ಚುಕಡಿಮೆ ಪೂರಾ ಜಿಡ್ಡೇ. ಒಡೆದ ಕೈಗೆ ಲೋಷನ್ ಸಾಲದು. ಹಗಲು ಕೆಲಸದ ನಡುವೆ ಕ್ರೀಮ್, ರಾತ್ರಿ ಮುಲಾಮು, ಹೀಗೆ ಹಂಚಿಕೊಳ್ಳಿ.

ಪದಾರ್ಥಗಳಲ್ಲಿ ಗ್ಲಿಸರಿನ್ ನೀರನ್ನು ಹಿಡಿದಿಡುತ್ತದೆ. ಸೆರಮೈಡ್ ಇದ್ದರೆ ಗಾರೆಗೆ ಸಾಮಗ್ರಿ ಸಿಕ್ಕಂತೆ. 5ರಿಂದ 10 ಶೇಕಡ ಯೂರಿಯಾ ಇರುವ ಕ್ರೀಮ್ ದಪ್ಪಗಟ್ಟಿ ಒರಟಾದ ಅಂಗೈಗೆ ಒಳ್ಳೆಯದು, ಆದರೆ ತೆರೆದ ಸೀಳಿನ ಮೇಲೆ ಉರಿಯುತ್ತದೆ. ಸೀಳು ಕೂಡಿದ ಮೇಲೆ ಶುರುಮಾಡಿ. ಇವೆಲ್ಲಕ್ಕಿಂತ ಸರಳವಾದದ್ದು ಪೆಟ್ರೋಲಿಯಂ ಜೆಲ್ಲಿ. 1872ರಲ್ಲಿ ರಾಬರ್ಟ್ ಚೀಸ್‌ಬ್ರೊ ಪೇಟೆಂಟ್ ಪಡೆದ ವಸ್ತು ಅದು. ಚರ್ಮದಿಂದ ನೀರು ಆವಿಯಾಗುವುದನ್ನು ತಡೆಯುವುದರಲ್ಲಿ ಇವತ್ತಿಗೂ ಅದನ್ನು ಮೀರಿಸುವ ಜಿಡ್ಡು ಕಡಿಮೆ. ಪರಿಮಳವಿಲ್ಲ, ಸಂರಕ್ಷಕ ಬೇಕಿಲ್ಲ, ಅಲರ್ಜಿ ತೀರ ಅಪರೂಪ. ಅಂಟಂಟು ಎಂಬುದೊಂದೇ ದೂರು, ಅದಕ್ಕೇ ಅದು ರಾತ್ರಿಯ ಮದ್ದು. ದುಬಾರಿ ಡಬ್ಬಿಯೊಂದನ್ನು ಕೊಂಡು ಜೋಪಾನವಾಗಿ ಚಿಟಿಕೆಯಷ್ಟು ಹಚ್ಚುವುದಕ್ಕಿಂತ ಅಗ್ಗದ್ದನ್ನು ಧಾರಾಳವಾಗಿ ಹಚ್ಚುವುದೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಳತೆಗೆ ವೈದ್ಯರು 'ಬೆರಳತುದಿ ಅಳತೆ' ಎಂಬುದನ್ನು ಬಳಸುತ್ತಾರೆ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಒಂದು ಕೈಯ ಎರಡೂ ಬದಿಗೆ ಅಷ್ಟು ಬೇಕು, ಎರಡು ಕೈಗೆ ಅದರ ಎರಡರಷ್ಟು. ಬೆರಳ ಸಂದಿ, ಉಗುರಿನ ಸುತ್ತ, ಮಣಿಕಟ್ಟು, ಮರೆತುಹೋಗುವ ಜಾಗಗಳಿವು.

ಹಗಲು ಪ್ರತಿಸಲ ಹಚ್ಚಲು ಆಗುವುದಿಲ್ಲ ಎನ್ನುತ್ತೀರಾ? ಟ್ಯೂಬನ್ನು ಕಪಾಟಿನಲ್ಲಿಟ್ಟರೆ ಖಂಡಿತ ಆಗುವುದಿಲ್ಲ. ಮನೆಯ ಪ್ರತಿ ನಲ್ಲಿಯ ಪಕ್ಕ ಒಂದು, ಚೀಲದಲ್ಲೊಂದು, ಹಾಸಿಗೆಯ ಪಕ್ಕ ಒಂದು ಇಡಿ. ನನ್ನ ಕೈ ಸರಿಹೋದದ್ದು ಇಷ್ಟೇ ಬದಲಾವಣೆಯಿಂದ ಎಂದರೆ ತಪ್ಪಾಗದು. ಮಲಗುವ ಮುಂಚೆ ದಪ್ಪಗೆ ಪೆಟ್ರೋಲಿಯಂ ಜೆಲ್ಲಿ ಸವರಿ ತೆಳ್ಳನೆಯ ಹತ್ತಿ ಕೈಗವಸು ಹಾಕಿಕೊಂಡರೆ, ಎಂಟು ಗಂಟೆ ಯಾರೂ ತೊಳೆಯದ ಬಿಡುವು ಚರ್ಮಕ್ಕೆ ಸಿಗುತ್ತದೆ.

ಏಳನೇ ಹೆಜ್ಜೆ: ಸ್ಯಾನಿಟೈಸರ್ ಮತ್ತು ಕೈಗವಸು

ಸ್ಯಾನಿಟೈಸರ್ ಕೈ ಒಣಗಿಸುತ್ತದೆ, ಸೋಪೇ ವಾಸಿ ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವ ತಿರುಗಾಮುರುಗಾ. ಆಲ್ಕೊಹಾಲ್ ಜಿಡ್ಡನ್ನು ಕದಡಿದರೂ ಅದನ್ನು ನೀರಿನಲ್ಲಿ ತೊಳೆದು ಹೊರಗೆ ಹಾಕುವುದಿಲ್ಲ. ಬಹುಪಾಲು ಅಲ್ಲಿಯೇ ಉಳಿಯುತ್ತದೆ. ಗ್ಲಿಸರಿನ್ ಸೇರಿಸಿದ ಸ್ಯಾನಿಟೈಸರ್ ಪದೇ ಪದೇ ಸೋಪು ಹಾಕುವುದಕ್ಕಿಂತ ಚರ್ಮಕ್ಕೆ ಸೌಮ್ಯ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲೂ 1.45 ಶೇಕಡ ಗ್ಲಿಸರಿನ್ ಇದೆ. ಆದ್ದರಿಂದ ಕಣ್ಣಿಗೆ ಕೊಳೆ ಕಾಣದಿದ್ದಾಗ 60 ಶೇಕಡಕ್ಕಿಂತ ಹೆಚ್ಚು ಆಲ್ಕೊಹಾಲ್ ಇರುವ ಸ್ಯಾನಿಟೈಸರನ್ನೇ ಮೊದಲು ನೆನೆಯಿರಿ. ಕೈ ಒಣಗಿರಬೇಕು, 20ರಿಂದ 30 ಸೆಕೆಂಡು ಉಜ್ಜಿ ತಾನಾಗಿ ಆರಲು ಬಿಡಬೇಕು. ಅದರ ಹಿಂದೆಯೇ ಸೋಪು ಹಾಕಿ ತೊಳೆಯುವುದು ಎರಡು ಪಟ್ಟು ಹಾನಿ. ಕೊಳೆ ಅಂಟಿದ್ದರೆ, ಶೌಚದ ನಂತರ, ಮನೆಯಲ್ಲಿ ವಾಂತಿಭೇದಿ ಹರಡಿದ್ದಾಗ ಮಾತ್ರ ಸೋಪು, ನೀರೇ ಬೇಕು. ವಾಂತಿಭೇದಿ ತರುವ ನೊರೊವೈರಸ್‌ನಂಥವುಗಳ ಮೇಲೆ ಆಲ್ಕೊಹಾಲ್ ಅಷ್ಟು ನಾಟುವುದಿಲ್ಲ.

ಕೈಗವಸಿನ ಕಥೆಯೇ ಈ ಸಮಸ್ಯೆಯಿಂದ ಹುಟ್ಟಿದ್ದು. 1889-90ರ ಹೊತ್ತಿಗೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಾ ಕೊಠಡಿಯ ದಾದಿ ಕ್ಯಾರೊಲಿನ್ ಹ್ಯಾಂಪ್ಟನ್‌ಗೆ, ರೋಗಾಣು ನಾಶಕ್ಕೆಂದು ಬಳಸುತ್ತಿದ್ದ ಪಾದರಸದ ದ್ರಾವಣದಿಂದ ಕೈ ತೋಳುಗಳೆಲ್ಲ ಕೆರಳಿ ಕೆಲಸ ಬಿಡುವ ಸ್ಥಿತಿ ಬಂತು. ಶಸ್ತ್ರಚಿಕಿತ್ಸಕ ವಿಲಿಯಂ ಹಾಲ್‌ಸ್ಟೆಡ್ ಗುಡ್‌ಇಯರ್ ಕಂಪನಿಗೆ ಹೇಳಿ ಅವಳಿಗಾಗಿ ತೆಳು ರಬ್ಬರಿನ ಕೈಗವಸು ಮಾಡಿಸಿದರು. ರೋಗಿಗೆ ಸೋಂಕು ತಗಲದಿರಲಿ ಎಂದಲ್ಲ, ದಾದಿಯ ಚರ್ಮ ಉಳಿಯಲಿ ಎಂದು. 1890ರಲ್ಲಿ ಇಬ್ಬರೂ ಮದುವೆಯಾದರು.

ಪಾತ್ರೆ, ಬಟ್ಟೆ, ನೆಲದ ಕೆಲಸಕ್ಕೆ ನೀವೂ ಕೈಗವಸು ಹಾಕಿ. ಒಳಗೆ ಹತ್ತಿಯ ತೆಳು ಕೈಗವಸು ಇರಲಿ, ಬೆವರು ಹೀರಿಕೊಳ್ಳುತ್ತದೆ. ಒಂದೇ ಸಮನೆ 20 ನಿಮಿಷಕ್ಕಿಂತ ಹೆಚ್ಚು ಹೊತ್ತು ಬೇಡ. ಒಳಗೆ ನೀರು ನುಗ್ಗಿದ ಕೈಗವಸು ಇಲ್ಲದ್ದಕ್ಕಿಂತ ಕೇಡು, ಕೂಡಲೇ ತೆಗೆಯಿರಿ.

ಕೈ ಬಿಟ್ಟು ಉಳಿದ ಮೈ

ಸ್ನಾನಕ್ಕೂ ಇದೇ ತತ್ವ, ಆದರೆ ಸುಲಭ. 5ರಿಂದ 10 ನಿಮಿಷ, ಉಗುರುಬೆಚ್ಚಗಿನ ನೀರು. ಸೋಪು ಕಂಕುಳು, ತೊಡೆಸಂದಿಯ ಸುತ್ತ, ಪಾದ, ಮತ್ತು ಕೊಳೆಯಾದ ಕಡೆಗೆ ಮಾತ್ರ. ತೋಳು, ಕಾಲು, ಬೆನ್ನು, ಹೊಟ್ಟೆಗೆ ದಿನವೂ ಸೋಪು ಬೇಕಿಲ್ಲ, ನೀರು ಸಾಕು. ದಿನಕ್ಕೆರಡು ಸಲ ಸ್ನಾನ ಮಾಡಲೇಬೇಕೆನಿಸುವವರು ಎರಡನೇ ಸಲ ಸೋಪು ಬಿಡಿ. ಮೈ ಪಸೆಯಿರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ನೈಲಾನ್ ನಾರಿನಿಂದ ವರ್ಷಗಟ್ಟಲೆ ಬೆನ್ನು, ತೋಳು, ಕಣಕಾಲು ಉಜ್ಜಿದವರಲ್ಲಿ ಅಲ್ಲೆಲ್ಲ ಕಪ್ಪು ಛಾಯೆ ಬರುವುದುಂಟು. ಅದನ್ನು ಕೊಳೆಯೆಂದು ಇನ್ನೂ ಉಜ್ಜುತ್ತಾರೆ, ಅದು ಇನ್ನೂ ಕಪ್ಪಾಗುತ್ತದೆ.

ಮುಖಕ್ಕೆ ದಿನಕ್ಕೆರಡು ಸಲ, ವಿಪರೀತ ಬೆವರಿದಾಗ ಇನ್ನೊಂದು ಸಲ. ಮೊಡವೆ ಕೊಳೆಯಿಂದ ಬರುವುದಲ್ಲ. ಮೊಡವೆ ಬಂದಿದೆಯೆಂದು ಐದಾರು ಸಲ ಮುಖ ತೊಳೆಯುವ ಹದಿಹರೆಯದ ಮಕ್ಕಳಿಗೆ ಮೊಡವೆಯ ಜೊತೆ ಉರಿಯೂ ಸೇರಿಕೊಳ್ಳುತ್ತದೆ, ಮೊಡವೆಯ ಔಷಧವೂ ಸಹಿಸದಂತಾಗುತ್ತದೆ. ಹೆಣ್ಣುಮಕ್ಕಳ ಯೋನಿಯ ಒಳಭಾಗ ತನ್ನನ್ನು ತಾನೇ ಶುಚಿಯಾಗಿಟ್ಟುಕೊಳ್ಳುತ್ತದೆ. ಅಲ್ಲಿನ ಪಿಎಚ್ 3.8ರಿಂದ 4.5. ಒಳಗೆ ಸೋಪು, ಪರಿಮಳದ ವಾಶ್, ನೀರಿನ ಪಿಚಕಾರಿ ಯಾವುದೂ ಬೇಡ. ಹೊರಭಾಗಕ್ಕೆ ಬರೀ ನೀರು ಸಾಕು.

ಎಳೆಗೂಸಿನ ಚರ್ಮ ಹುಟ್ಟಿದಾಗ ಹುಳಿಯಾಗಿರುವುದಿಲ್ಲ, ವಾರಗಳಲ್ಲಿ ಹುಳಿಯಾಗುತ್ತದೆ. ಮೊದಲ ಸ್ನಾನವನ್ನು ಕನಿಷ್ಠ 24 ಗಂಟೆ ತಡಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಡೈಪರಿನ ಜಾಗ, ಕತ್ತಿನ ಮಡಿಕೆ ಶುಚಿಯಾಗಿಟ್ಟರೆ ಮೊದಲ ವರ್ಷ ವಾರಕ್ಕೆ ಮೂರು ಸ್ನಾನ ಸಾಕೆಂಬುದು ಅಮೆರಿಕದ ಮಕ್ಕಳ ತಜ್ಞರ ಸಲಹೆ. ವಯಸ್ಸಾದವರಲ್ಲಿ ಎಣ್ಣೆ ಗ್ರಂಥಿಗಳು ಸೊರಗಿರುತ್ತವೆ, ಕೆಟ್ಟ ಗೋಡೆ ಸರಿಹೋಗುವುದೂ ನಿಧಾನ. ಅವರ ಕಣಕಾಲು ಬತ್ತಿದ ಕೆರೆಯ ತಳದಂತೆ ಬಿರುಕು ಬಿಟ್ಟು ರಾತ್ರಿಯೆಲ್ಲ ತುರಿಸುತ್ತಿದ್ದರೆ, ಬಿಸಿನೀರು ಮತ್ತು ಸೋಪು ಅಲ್ಲಿಗೆ ತಾಗದಂತೆ ನೋಡಿ, ದಿನಕ್ಕೆರಡು ಸಲ ಮುಲಾಮು ಹಚ್ಚಿಕೊಡಿ. ಅವರು ಬಾಗಿ ಹಚ್ಚಿಕೊಳ್ಳಲಾರರು. ಆ ಕೆಲಸ ಮನೆಯವರದ್ದು.

ಕೈ ಈಗಾಗಲೇ ಒಡೆದಿದ್ದರೆ

ಮೇಲಿನ ಎಲ್ಲವನ್ನೂ ಎರಡು ವಾರ ಕಟ್ಟುನಿಟ್ಟಾಗಿ ಮಾಡಿ. ಸೀಳಿನೊಳಗೆ ಪೆಟ್ರೋಲಿಯಂ ಜೆಲ್ಲಿ ತುಂಬಿ ಮೇಲೊಂದು ಅಂಟುಪಟ್ಟಿ ಹಾಕಿದರೆ ನೋವು ಇಳಿಯುತ್ತದೆ, ಬೇಗ ಕೂಡುತ್ತದೆ. ಮನೆಯಲ್ಲಿ ಉಳಿದಿರುವ ಯಾವುದೋ ಸ್ಟೀರಾಯ್ಡ್ ಕ್ರೀಮನ್ನು ನೀವಾಗಿಯೇ ಹಚ್ಚಬೇಡಿ. ಎರಡು ದಿನ ಕೆಂಪು ಇಳಿದಂತೆ ಕಂಡರೂ ದೀರ್ಘಕಾಲ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಶಿಲೀಂಧ್ರ ಸೋಂಕಿದ್ದರೆ ಅದು ಮರೆಯಲ್ಲೇ ಹಬ್ಬುತ್ತದೆ. ವೈದ್ಯರು ಬರೆದುಕೊಟ್ಟಾಗ ಮಾತ್ರ ಹೆದರದೆ, ಅವರು ಹೇಳಿದಷ್ಟು ದಿನ ಹಚ್ಚಿ.

ಮೇಲ್ನೋಟಕ್ಕೆ ಕೈ ಸರಿಯಾದ ದಿನ ಹೆಚ್ಚಿನವರು ಕ್ರೀಮ್ ನಿಲ್ಲಿಸುತ್ತಾರೆ. ನಾನೂ ನಿಲ್ಲಿಸಿದೆ, ಹತ್ತು ದಿನದಲ್ಲಿ ಸೀಳು ವಾಪಸ್ಸು ಬಂತು. ಕಣ್ಣಿಗೆ ನಯವಾಗಿ ಕಂಡರೂ ಒಳಗಿನ ಗೋಡೆ ಗಟ್ಟಿಯಾಗಲು ತಿಂಗಳುಗಳು ಬೇಕು. ಮೂರ್ನಾಲ್ಕು ತಿಂಗಳು ಇದೇ ಜಾಗ್ರತೆ ಮುಂದುವರಿಸಿ.

ಕೀವು, ಜೇನು ಬಣ್ಣದ ಹಕ್ಕಳೆ, ಹರಡುತ್ತಿರುವ ಕೆಂಪು, ಜ್ವರ ಇದ್ದರೆ ಕಾಯದೆ ವೈದ್ಯರ ಬಳಿ ಹೋಗಿ. ಎರಡು ವಾರಕ್ಕೂ ತಗ್ಗದಿದ್ದರೆ, ನೀರುಗುಳ್ಳೆ ಎದ್ದರೆ, ಒಂದೇ ಕೈಗೆ ಬಂದರೆ, ರಜೆಯಲ್ಲಿ ಕಡಿಮೆಯಾಗಿ ಕೆಲಸಕ್ಕೆ ಹೋದಾಗ ಮರುಕಳಿಸಿದರೆ ಚರ್ಮವೈದ್ಯರಿಗೆ ತೋರಿಸಿ. ಹೋಗುವಾಗ ನೀವು ಬಳಸುವ ಸೋಪು, ಕ್ರೀಮ್, ಸ್ಯಾನಿಟೈಸರ್, ಕೈಗವಸಿನ ಪೊಟ್ಟಣಗಳನ್ನೂ ಆ ಎರಡು ದಿನದ ಗೀಟಿನ ಚೀಟಿಯನ್ನೂ ಒಯ್ಯಿರಿ. ಅಲರ್ಜಿಯ ಅನುಮಾನ ಬಂದರೆ ಅವರು ಪ್ಯಾಚ್ ಪರೀಕ್ಷೆ ಮಾಡಿಸಬಹುದು. ಶಂಕಿತ ಪದಾರ್ಥಗಳ ಚಿಕ್ಕ ಚಿಕ್ಕ ಪಟ್ಟಿಗಳನ್ನು ಬೆನ್ನಿಗೆ ಅಂಟಿಸಿ 48 ಗಂಟೆಯ ನಂತರ ತೆಗೆದು ನೋಡುತ್ತಾರೆ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಅಲ್ಲಿಯವರೆಗೆ ಬೆನ್ನಿಗೆ ನೀರು ತಾಗಿಸುವಂತಿಲ್ಲ. ಆ ವಾರ ಹೆಚ್ಚು ಬೆವರುವ ಕೆಲಸ ಇಟ್ಟುಕೊಳ್ಳಬೇಡಿ, ಮತ್ತು ಪಟ್ಟಿ ಅಂಟಿಸುವ ದಿನ ಬೆಳಿಗ್ಗೆ ಸ್ನಾನ ಮುಗಿಸಿ, ಬೆನ್ನಿಗೆ ಏನೂ ಹಚ್ಚದೆ ಹೋಗಿ.